ಅತ್ತೆಯನ್ನು ದಾದರಿನಲ್ಲಿ ಸಾಯಿಸಿದ್ದು

ನಾದಿನಿ ಮದುವೆಯಾಗಿ ಮುಂಬಯಿ ಸೇರಿ ಹದಿನೈದು ವರ್ಷವಾದರೂ ನಮ್ಮತ್ತೆ ಮಗಳ ಮನೆ ನೋಡಿರಲಿಲ್ಲ. ಹೋದ ವರ್ಷ ಇದ್ದಕ್ಕಿದ್ದಂತೆ ಹೊರಟು ನಿಂತರು. ದಂಡಿನಶಿವರ ಬಿಟ್ಟರೆ ತುರುವೇಕೆರೆ, ಅದು ಬಿಟ್ಟರೆ ತಿಪಟೂರು, ಅಷ್ಟೇ ಅವರ ಪ್ರಪಂಚ. ಜೊತೆಗೆ ನನ್ನನ್ನು ಕಳಿಸಿದರು. ನನಗೆ ಹಿಂದಿ ಬರುತ್ತದೆಂಬ ಸುದ್ದಿ ಮನೆಯಲ್ಲಿತ್ತು. ಹಬ್ಬಿಸಿದವಳು ನಾನೇ.

ಮೂರನೇ ದಿನ ನಾದಿನಿ ಕೆಲಸಕ್ಕೆ ಹೊರಡುತ್ತಾ, "ದಾದರಿನಲ್ಲಿ ರೈಲು ಹತ್ತಿ ಕೊನೇ ಸ್ಟೇಷನ್ನಲ್ಲಿ ಇಳೀರಿ ಅತ್ತಿಗೆ, ಸಮುದ್ರ ಅಲ್ಲೇ ಹತ್ರ" ಎಂದಳು. ದಾದರಿನಲ್ಲಿ ಹತ್ತುವುದೆಂದರೇನು ಎಂದು ಮಾತ್ರ ಹೇಳಲಿಲ್ಲ. ಹೆಂಗಸರ ಡಬ್ಬಿ ಬಂದು ನಿಂತಿತು. ಹಿಂದಿನವರು ನೂಕಿದ ರಭಸಕ್ಕೆ ಅತ್ತೆ ಕೊಬ್ಬರಿ ಬೆಲ್ಲದ ಚೀಲದ ಸಮೇತ ಒಳಗೆ ಹೋದರು. ನಾನು ಹೊರಗೇ ಉಳಿದೆ. ರೈಲು ಹೊರಟೇಬಿಟ್ಟಿತು.

ಸುಳ್ಳು ಯಾಕೆ ಹೇಳಲಿ, ಮೊದಲ ಅರ್ಧ ನಿಮಿಷ ಮೈ ಹಗುರವಾಯಿತು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಸೆರಗು ಸರಿಮಾಡಿಕೋ ಎನ್ನುವವರು ಪಕ್ಕದಲ್ಲಿರಲಿಲ್ಲ. ಆಮೇಲೆ ರೈಲಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ. ಅತ್ತೆಯ ಹತ್ತಿರ ಫೋನಿಲ್ಲ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು.

ಅಲ್ಲೇ ನಿಂತಿದ್ದ ಮಹಿಳಾ ಪೊಲೀಸಿನ ಹತ್ತಿರ ಓಡಿದೆ. 'ದಾಟಿ ಹೋಗು' ಎನ್ನುವುದಕ್ಕೆ ಹೈಸ್ಕೂಲು ಪಾಠದಲ್ಲಿ ಓದಿದ್ದ ಹಿಂದಿ ಮಾತು ನೆನಪಾಯಿತು. ನಮ್ಮತ್ತೆ ದಾಟಿ ಹೋದರು ಎಂದು ಹೇಳಿಯೇಬಿಟ್ಟೆ.

"ಮೇರಿ ಸಾಸ್ ಗುಜರ್ ಗಯೀ!"

ಆಕೆಯ ಮುಖ ಮೆತ್ತಗಾಯಿತು. ಯಾವಾಗ ಎಂದು ಕೇಳಿದಳು.

"ಅಭೀ. ರೈಲ್ ಮೇಂ."

ಆಕೆ ನನ್ನ ಹೆಗಲ ಮೇಲೆ ಕೈಯಿಟ್ಟು, ವಾಕಿಟಾಕಿಯಲ್ಲಿ ಏನೋ ಹೇಳಿ, ಮುಂದಿನ ರೈಲಿಗೆ ನನ್ನನ್ನು ಹತ್ತಿಸಿ ತಾನೂ ಬಂದಳು, ಪಕ್ಕದವರಿಗೂ ಏನೋ ಪಿಸುಗುಟ್ಟಿದಳು. ಬುರ್ಖಾ ಹಾಕಿದ್ದ ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟಳು. ಗುಜರಾತಿ ಹೆಂಗಸೊಬ್ಬಳು ನೀರು ಕುಡಿಸಿದಳು. ಅತ್ತೆ ತಪ್ಪಿಸಿಕೊಂಡದ್ದಕ್ಕೇ ಇಷ್ಟು ಮರುಗುವ ಊರು ಎಂಥ ಒಳ್ಳೆಯದು ಎನ್ನಿಸಿ ನನ್ನ ಅಳು ಇನ್ನೂ ಜೋರಾಯಿತು.

ಕೊನೆಯ ಸ್ಟೇಷನ್ನಿನಲ್ಲಿ ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದರು. ಒಂದು ಪಕ್ಕ ಮೀನು ಮಾರುವವಳು, ಇನ್ನೊಂದು ಪಕ್ಕ ಕಲಬುರ್ಗಿ ಕಡೆಯ ಕಸ ಗುಡಿಸುವಾಕೆ. ಊರಿನಲ್ಲಿ ಮೀನಿನ ವಾಸನೆ ಬಂದರೆ ತಲೆಗೆ ನೀರು ಹಾಕಿಕೊಳ್ಳುವ ಲಿಂಗವಂತರ ಹೆಂಗಸು, ಇಲ್ಲಿ ಮೀನಿನ ಬುಟ್ಟಿಗೆ ಮೊಣಕೈಯೂರಿ ಕೊಬ್ಬರಿ ಹಂಚುತ್ತಿದ್ದರು.

"ಎಲ್ಲಿ ಕಳ್ದೋಗಿದ್ಯೇ?" ಎಂದು ನನ್ನನ್ನೇ ಗದರಿದರು. ಆಮೇಲೆ ಕಸ ಗುಡಿಸುವಾಕೆಯತ್ತ ಕೈ ತೋರಿ ದನಿ ತಗ್ಗಿಸಿ, "ಯಾವ್ದೋ ಮುದುಕಿ ರೈಲಲ್ಲಿ ಸತ್ತೋಗವ್ಳಂತೆ ಕಣೇ, ಈಯಮ್ಮ ಹೇಳುದ್ಲು. ಅಗೋ, ಸ್ಟ್ರೆಚರ್ ಹಿಡ್ಕಂಡು ಹುಡುಕ್ತಾವ್ರೆ. ಸೊಸೆ ಜತೇಲೇ ಇದ್ಲಂತೆ, ಒಂಟಿಯಾಗಿ ಸಾಯಕ್ಕೆ ಬುಟ್ಬುಟ್ಲಂತೆ. ಎಂಥ ಮೂದೇವಿನೋ!" ಎಂದರು.

ಗುಜರ್ ಗಯೀ ಎಂದರೆ ತೀರಿಕೊಂಡರು ಎಂದೂ ಆಗುತ್ತದೆಂದು ನನಗೆ ಹೊಳೆದದ್ದು ಆಗ. ಶವ ಎಲ್ಲಿ ಎನ್ನುವಂತೆ ಪೊಲೀಸಿನಾಕೆ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿ ಅತ್ತೆಯ ಕಡೆ ಬೆರಳು ತೋರಿಸಿದೆ. ಶವ ಕೊಬ್ಬರಿ ಅಗಿಯುತ್ತಿತ್ತು. ಆಕೆ ಬೈಯಲು ಬಾಯಿ ತೆರೆದವಳು ನಗು ತಡೆಯಲಾರದೆ ಗೋಡೆಗೊರಗಿದಳು. ಸ್ಟ್ರೆಚರಿನವರು ಮಾತ್ರ ನಗಲಿಲ್ಲ.

"ಏನಂತೆ?" ಎಂದರು ಅತ್ತೆ.

"ಮುದುಕಿ ಬದುಕವ್ರಂತೆ ಅತ್ತೆ."

"ಇರ್ಲಿ ಬುಡು. ಆ ಸೊಸೆ ಕೈಗೆ ಮಾತ್ರ ಸಿಗ್ಬಾರ್ದು."

ಸ್ಟ್ರೆಚರಿನವರಿಗೂ ಒಂದೊಂದು ಚೂರು ಕೊಬ್ಬರಿ ಕೊಡಿಸಿ ಹೊರಗೆ ಕರೆತಂದೆ. ಸಮುದ್ರವನ್ನು ಅತ್ತೆ ಬಹಳ ಹೊತ್ತು ನೋಡಿದರು. ಉಪ್ಪು ನೀರು ಎಂದು ಗೊತ್ತಾದ ಮೇಲೆ ಆಸಕ್ತಿ ಕಳೆದುಕೊಂಡರು.