ಹೆಂಚಿನ ಭಟ್ಟಿಯ ವೀರಭದ್ರಪ್ಪಣ್ಣ

ವೀರಭದ್ರಪ್ಪಣ್ಣ ಯಾರ ಮನೆಗೆ ಹೋದರೂ ಮೊದಲು ತಲೆಯ ಮೇಲಿನ ಮಾಡನ್ನು ನೋಡುತ್ತಿದ್ದರು, ಆಮೇಲೆ ಮನುಷ್ಯರನ್ನು. ನಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದ ಹೊಸತರಲ್ಲಿ, ಸೊಸೆಯನ್ನು ಮಾತಾಡಿಸಲೆಂದು ಪಕ್ಕದ ಮನೆಯಿಂದ ಬಂದವರು ನಡುಮನೆಯಲ್ಲಿ ಕತ್ತೆತ್ತಿ ನಿಂತು, "ಈ ಹುಲ್ಲು ಇನ್ನೊಂದು ಮಳೆಗಾಲ ತಡೆಯೋದಿಲ್ಲ ತಂಗಿ. ನಿಮ್ಮ ಮಾವನಿಗೆ ಹೇಳು, ಹೆಂಚು ನಾನು ಕೊಡ್ತೀನಿ" ಎಂದರು. ನನ್ನ ಹೆಸರು ಕೇಳಿದ್ದು ಹೊರಡುವಾಗ.

ಊರ ಹೊರಗೆ ಅವರದು ಹೆಂಚಿನ ಭಟ್ಟಿ. ಎತ್ತರದ ಆಳು, ದಪ್ಪ ದನಿ. ಹಣೆಯ ವಿಭೂತಿಯ ಮೇಲೆ ಯಾವಾಗಲೂ ಒಂದಿಷ್ಟು ಕೆಂಪು ದೂಳು. ಮಂಗಳೂರಿನ ಕಡೆ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದು ಕೆಲಸ ಕಲಿತು, ಅಲ್ಲಿ ಉಳಿಯದೆ ಊರಿಗೆ ಬಂದು ತಾವೇ ಶುರು ಮಾಡಿದ್ದರು. ತೋಟದ ಕೂಲಿ ಬಿಟ್ಟರೆ ಬೇರೆ ದಾರಿಯಿಲ್ಲದ ಹತ್ತಾರು ಮನೆಗಳು ಆ ಭಟ್ಟಿಯನ್ನು ನಂಬಿಕೊಂಡಿದ್ದವು. ಆಳುಗಳ ಜೊತೆ ತಾವೂ ಮಣ್ಣು ತುಳಿಯುತ್ತ ಹಾಡುತ್ತಿದ್ದರು. ಹಾಡು ಅವರಿಗೆ ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಅವರಿಗೆ ಗೊತ್ತೂ ಇರಲಿಲ್ಲ.

ಆದರೆ ಅದು ಚಳಿಜ್ವರದ ಕಾಲ. ಮಕ್ಕಳಿಗೆ ಹೊಟ್ಟೆಯೆಲ್ಲ ಜ್ವರಗಡ್ಡೆ, ಕೈಕಾಲು ಕಡ್ಡಿ. ಯುದ್ಧ ಶುರುವಾದ ಮೇಲೆ ಕ್ವಿನೈನ್ ಮಾತ್ರೆಯೂ ಕಣ್ಣಿಗೆ ಬೀಳದಾಯಿತು. ಬದುಕಿ ಉಳಿದವರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ವೀರಭದ್ರಪ್ಪಣ್ಣನ ಹೆಂಡತಿ ಗಂಗಕ್ಕನ ತಮ್ಮ ರುದ್ರಪ್ಪ ಬೊಂಬಾಯಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಒಂದು ದೀಪಾವಳಿಗೆ ಅಕ್ಕನ ಸಂಸಾರವನ್ನು ಕರೆದೊಯ್ಯಲೆಂದೇ ಬಂದ. ಅವರ ಜಗಲಿಯ ಮಾತು ನಮ್ಮ ಮನೆಗೆ ಕೇಳಿಸುತ್ತಿತ್ತು.

"ಭಾವ, ಅಂಗಡಿಗೆ ನಂಬಿಕೆಯ ಜನ ಬೇಕು. ಅಕ್ಕನನ್ನೂ ಶಾಂತಿಯನ್ನೂ ಕರ್ಕೊಂಡು ಬಂದ್ಬಿಡಿ. ಇಲ್ಲಿ ಎಂತ ಇದೆ?"

"ಮಣ್ಣಿದೆ ಮಾರಾಯ. ಎಲ್ಲರೂ ರೈಲು ಹತ್ತಿದ್ರೆ ಈ ಊರು ಯಾರಿಗೆ?"

ಗಂಗಕ್ಕ ಬಾಗಿಲಲ್ಲಿ ನಿಂತಿದ್ದರು. "ಮಗಳಿಗೆ ಮತ್ತೆ ಮತ್ತೆ ಜ್ವರ ಬರ್ತಿದೆ. ನೀವು ಬರೋದು ಬೇಡ, ನಮ್ಮನ್ನಾದರೂ ಕಳಿಸಿ."

"ಈ ಸಲದ ಭಟ್ಟಿ ಇಳೀಲಿ ಗಂಗಾ. ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ."

ರುದ್ರಪ್ಪ ಒಬ್ಬನೇ ಹೋದ. ಆ ಭಟ್ಟಿ ಇಳಿಯಿತು, ಇನ್ನೊಂದು ಏರಿತು. ಮಾತು ಹಾಗೇ ಉಳಿಯಿತು. ಮುಂಗಾರಿಗೆ ಮೊದಲು ಶಾಂತಿಗೆ ಬಂದ ಜ್ವರ ತಲೆಗೇರಿತು. ಮಾತ್ರೆ ಕೊಪ್ಪದಲ್ಲಿ ಸಿಗಬಹುದೆಂದು ಯಾರೋ ಹೇಳಿದರು, ವೀರಭದ್ರಪ್ಪಣ್ಣ ಓಡಿದರು. ಸಿಕ್ಕಿತು ಕೂಡ. ಅವರು ಮರಳಿ ಬರುವಷ್ಟರಲ್ಲಿ ಗಂಗಕ್ಕ ಮಗಳ ಮುಖ ಒರೆಸಿ, ತಲೆ ಬಾಚಿ ಮಲಗಿಸಿಯಾಗಿತ್ತು. ಮನೆಯ ಹಿಂದಿನ ಹಿತ್ತಿಲಲ್ಲೇ ಮಣ್ಣು ಮಾಡಿದರು.

ಆ ಮಳೆಗಾಲದಲ್ಲಿ ಮಲೇರಿಯಾ ಇಲಾಖೆಯವರೊಬ್ಬರು ಊರಿಗೆ ಬಂದರು. ಹೆಂಚಿಗೆ ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದು ಬಿಳಿ ಬಟ್ಟಲಲ್ಲಿ ಆ ನೀರನ್ನು ಮೊಗೆದು, ಅದರಲ್ಲಿ ಮಿಸುಕುತ್ತಿದ್ದ ಹುಳುಗಳನ್ನು ತೋರಿಸಿ, "ಸೊಳ್ಳೆ ಆಗೋದು ಇವೇ. ಜ್ವರ ತರೋದೂ ಇವೇ" ಎಂದರು.

ವೀರಭದ್ರಪ್ಪಣ್ಣ ಬಟ್ಟಲಿನ ಮೇಲೆ ಬಾಗಿದರು. "ಇವು ನನ್ನ ಗುಂಡಿಯವು."

ಅವರ ಮುಖ ಕಂಡು ಆ ಮನುಷ್ಯ ಗಾಬರಿಯಾದರು. "ಹಳ್ಳದಲ್ಲೂ ಹುಟ್ಟುತ್ತವೆ, ಗದ್ದೆಯಲ್ಲೂ ಹುಟ್ಟುತ್ತವೆ. ಇಲ್ಲಿಂದಲೇ ಅಂತ ಹೇಳೋಕೆ ಬರೋದಿಲ್ಲ ಯಜಮಾನರೇ" ಎಂದರು. ಅದು ವೀರಭದ್ರಪ್ಪಣ್ಣನ ಕಿವಿಗೆ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ, ಸುಟ್ಟು ಮಾರಾಟಕ್ಕೆ ಇಟ್ಟಿದ್ದ ಹೆಂಚುಗಳನ್ನು ಪಿಕಾಸಿಯಲ್ಲಿ ಒಡೆದು ಗುಂಡಿಗೆ ಸುರಿಯತೊಡಗಿದರು. ಆಳುಗಳು ಸುತ್ತ ನಿಂತರು, ಯಾರೂ ಕೈ ಹಾಕಲಿಲ್ಲ. ಮಣ್ಣು ತುಳಿಯುವ ದ್ಯಾವಮ್ಮ ಮಾತ್ರ ಹತ್ತಿರ ಹೋದಳು.

"ಅಯ್ಯಾ, ಜ್ವರ ಬಂದ್ರೆ ಒಬ್ರು ಇಬ್ರು ಸಾಯ್ತೀವಿ. ಇದು ಮುಚ್ಚಿದ್ರೆ ನಾವೆಲ್ಲ ಎಂತ ತಿನ್ನೋದು?"

ಪಿಕಾಸಿ ನಿಲ್ಲಲಿಲ್ಲ. ಗುಂಡಿಗಳೆಲ್ಲ ತುಂಬಿದ ಮೇಲೆ ಮನೆಗೆ ಬಂದು, "ಗಂಗಾ, ಬೊಂಬಾಯಿಗೆ ಹೋಗೋಣ" ಎಂದರು.

ಗಂಗಕ್ಕ ಅಕ್ಕಿ ಆರಿಸುತ್ತಿದ್ದರು. ನಾನು ಅಲ್ಲೇ ಕೂತಿದ್ದೆ. ಮೊರದಿಂದ ಕಣ್ಣೆತ್ತದೆ ಅವರು ಹೇಳಿದರು: "ಇಷ್ಟು ವರ್ಷ ಹೋಗೋಣ ಅಂತ ಅತ್ತು ಕರೆದೆ. ಆಗ ನೀವು ಬರಲಿಲ್ಲ. ಈಗ ನನ್ನ ಕೂಸು ಹಿತ್ತಿಲಲ್ಲಿ ಮಲಗಿದೆ. ನೀವು ಹೋಗಿ. ನಾನು ಬರೋದಿಲ್ಲ."

ವೀರಭದ್ರಪ್ಪಣ್ಣನಿಗೆ ಊರಲ್ಲಿ ಇರಲಿಕ್ಕೂ ಆಗಲಿಲ್ಲ. ಭಟ್ಟಿಯ ದಾರಿಯಲ್ಲಿ ಎದುರಾದ ಆಳುಗಳು ಕೆಲಸ ಕೇಳುತ್ತಿದ್ದರು. ಮನೆಯಲ್ಲಿ ಗಂಗಕ್ಕ ಏನೂ ಕೇಳುತ್ತಿರಲಿಲ್ಲ. ಅವರೊಬ್ಬರೇ ಬೊಂಬಾಯಿಗೆ ಹೊರಟ ದಿನ, ತರೀಕೆರೆಗೆ ಹೋಗುವ ಪುಟ್ಟ ರೈಲಿನ ಹತ್ತಿರ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಗಂಗಕ್ಕ ನನ್ನ ಕೈಯಲ್ಲಿ ರೊಟ್ಟಿಯ ಗಂಟು ಕಳಿಸಿದ್ದರು.

"ಏನಾದರೂ ಬೈದಳಾ ತಂಗಿ?"

"ಇಲ್ಲ ಅಣ್ಣ."

"ಬೈದಿದ್ದರೆ ಉಳಿದುಬಿಡುತ್ತಿದ್ದೆ" ಎಂದರು. ಗಂಟನ್ನು ಎದೆಗೆ ಒತ್ತಿಕೊಂಡು ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಎರಡು ವರ್ಷ ಕಳೆದ ಮೇಲೆ ರುದ್ರಪ್ಪ ಒಬ್ಬನೇ ಬಂದ. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ ವೀರಭದ್ರಪ್ಪಣ್ಣ ಹಾಗೇ ಕುಸಿದರಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ಗಂಗಕ್ಕ ಕಂಬ ಹಿಡಿದು ನಿಂತೇ ಕೇಳಿಸಿಕೊಂಡರು.

"ಎಲ್ಲಿ ಮಣ್ಣು ಮಾಡಿದೆ?"

ರುದ್ರಪ್ಪ ತಲೆ ತಗ್ಗಿಸಿದ. "ಬಹಳ ದೊಡ್ಡ ಊರು ಅಕ್ಕ. ಈಗ ಹೋಗಿ ಹುಡುಕಿದರೆ ಮಣ್ಣು ಮಾಡಿದ ಜಾಗ ನನಗೂ ಸಿಗಲಿಕ್ಕಿಲ್ಲ."