ಬೆನ್ನು ಬಲ್ಲ ಅಕ್ಕ

ಮಸಾಜು ಮಾಡುವ ಅಕ್ಕನಿಗೆ ಮುಖಗಳು ನೆನಪಿರುವುದಿಲ್ಲ, ಬೆನ್ನುಗಳು ನೆನಪಿರುತ್ತವೆ. ದಾರಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ" ಎಂದರೆ ಕಕ್ಕಾಬಿಕ್ಕಿಯಾಗಿ, ಅವರು ತಿರುಗಿ ಹೊರಟ ಮೇಲೆ "ಓ, ಇವ್ರಾ" ಎಂದುಕೊಳ್ಳುತ್ತಾಳೆ. ಲೈಸೆನ್ಸ್ ಉಳಿಸಿಕೊಳ್ಳಲು ವರ್ಷಕ್ಕೊಂದು ತರಬೇತಿ ಸಾಕು, ಈಕೆ ಮಾತ್ರ ನಡೆಯುವ ತರಬೇತಿಗಳಲ್ಲಿ ಒಂದನ್ನೂ ಬಿಟ್ಟವಳಲ್ಲ. ಬಿಳಿ ಪರದೆಯಲ್ಲಿ ಸೋಸಿ ಬರುವ ಬೆಳಕು, ಬೆಚ್ಚನೆಯ ಎಣ್ಣೆಯ ಘಮ. ತರಬೇತಿಯ ಕೋಣೆಯೇ ಮಂಪರಿನಲ್ಲಿ ತೇಲುತ್ತಿರುತ್ತದೆ. ಕಲಿಸುವ ಮೇಡಂ ಇವಳ ಹಳೇ ಶಿಷ್ಯೆ. ಆದರೂ ಜೋಡಿಯಾಗಿ ಅಭ್ಯಾಸ ಮಾಡುವಾಗ ಎಲ್ಲರಿಗಿಂತ ಮೊದಲು ಮಂಚವೇರಿ ಬೋರಲು ಮಲಗುವವಳು ಇವಳೇ. ಹೊಸ ಹುಡುಗಿ ಅಳುಕುತ್ತಾ ಹೆಗಲೊತ್ತಿ, "ಸರಿ ಬಂತಾ ಅಕ್ಕ?" ಎಂದು ಕೇಳುತ್ತಾಳೆ. ಸರಿಯಾಗಿಯೇ ಬಂದಿರುತ್ತದೆ. ದಿನವಿಡೀ ಊರವರ ಬೆನ್ನು ತಿಕ್ಕಿ, ಸಂಜೆ ಮನೆಯ ಬೀಗವನ್ನು ತಾನೇ ತೆಗೆಯುವ ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ: "ಇನ್ನೂ ಬಂದಿಲ್ಲ ಕಣಮ್ಮ, ಇನ್ನೊಂದ್ಸಲ ಒತ್ತು."