ಉಳಿದ ಎರಡು

ಅಕ್ಷರ ಸೊಟ್ಟಗಿದೆ, ಮಾತು ಜೋಡಿಸುವುದೂ ಅಷ್ಟಾಗಿ ಬಾರದು, ಓದುವವರು ಮನ್ನಿಸಬೇಕು. ಇದು ದಿಬ್ಬೂರಹಳ್ಳಿಯ ಜ್ಯೋತಿಲಕ್ಷ್ಮಿಯ ವಿಷಯ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಈ ಹುಡುಗಿ ವಾರಕ್ಕೆ ಮೂರು ದಿನ ಊರಿನ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಕವಿತಕ್ಕನ ಹತ್ತಿರ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಳು.

ಅಪ್ಪ ಮುನಿವೆಂಕಟಪ್ಪನಿಗೆ ಅದು ಹಿಡಿಸಿರಲಿಲ್ಲ. "ಈ ಸಲ ಎಷ್ಟು ಚಂದ್ರಿಕೆ ಬೇಕು ಅಂತ ನಿನ್ನ ಕಂಪ್ಯೂಟರೇ ಹೇಳ್ಲಿ ನೋಡಣ. ಸರಿಯಾದ್ರೆ ಹೋಗ್ತಿರು. ತಪ್ಪಿದ್ರೆ ಸುಮ್ನೆ ತೋಟದ ಕೆಲ್ಸಕ್ಕೆ ಬಾ" ಎಂದ.

ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲಾ ಸೇರಿಸಿ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ. ಅದರಿಂದ ಸುಮಾರು ನಾನೂರು ಹುಳು. ಮೂರು ಮೊಟ್ಟೆಯ ಹುಳುವಿಗೆ ಒಂದು ಚಂದ್ರಿಕೆ. ಅವರ ಮನೆಯಲ್ಲಿದ್ದದ್ದು ಐವತ್ತು ಮೊಟ್ಟೆ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಐವತ್ತನ್ನು ಮೂರರಿಂದ ಭಾಗಿಸಲು ಒಂದು ಓರೆಗೆರೆ ಹಾಕಿದಳು, 16.666 ಎಂದು ಉದ್ದಕ್ಕೆ ಬಂತು. ಅರೆಬರೆ ಚಂದ್ರಿಕೆಯನ್ನು ಯಾರು ಕೊಡುತ್ತಾರೆ ಎಂದು ಅಳಿಸಿದಳು. ಎರಡು ಓರೆಗೆರೆ ಹಾಕಿದಾಗ ಚುಕ್ಕಿಯ ಆಚೆಯದು ಹೋಗಿ ಬರೀ ಹದಿನಾರು. ಉಳಿಕೆ ತೋರಿಸಲು ಕವಿತಕ್ಕ ಹೇಳಿಕೊಟ್ಟಿದ್ದ ಶೇಕಡಾ ಗುರುತು ಹಾಕಿದಾಗ ಎರಡು. ಎರಡು ಹುಳು ತಾನೆ, ಎಲ್ಲಾದರೂ ಸೇರಿಕೊಳ್ಳುತ್ತವೆ ಎಂದುಕೊಂಡಳು. ನಾಲ್ಕು ಸಲ ತಾಳೆ ನೋಡಿ, ಚೀಟಿಯಲ್ಲಿ ಹದಿನಾರು ಎಂದು ಅಪ್ಪನಿಗೆ ಬರೆದುಕೊಟ್ಟಳು.

ಚಂದ್ರಿಕೆ ಬಾಡಿಗೆಗೆ ಕೊಡುವ ಕೋನಪ್ಪ ಬೆಳಿಗ್ಗೆ ಹದಿನಾರನ್ನು ಇಳಿಸಿ ಹೋದ. ಮಧ್ಯಾಹ್ನಕ್ಕೆ ಎಲ್ಲವೂ ತುಂಬಿದವು. ಹುಳು ಸಾಕುವ ತಟ್ಟೆಗಳಲ್ಲಿ ಇನ್ನೂ ರಾಶಿ ಹುಳು ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಕೆಲವು ಕಸದಲ್ಲೇ ನೂಲು ಬಿಡತೊಡಗಿದ್ದವು. ಅಪ್ಪ ಕೋನಪ್ಪನಿಗೆ ಫೋನ್ ಮಾಡಿ, ಕಂಪ್ಯೂಟರ್ ಲೆಕ್ಕದ ಕಥೆ ಹೇಳಿ ಇನ್ನೊಂದು ಚಂದ್ರಿಕೆ ಕೇಳಿದ.

"ಊರಿಗೆಲ್ಲಾ ಇವತ್ತೇ ಹಣ್ಣಾಗೈತೆ ಕಣಣ್ಣ, ಒಂದೂ ಉಳಿದಿಲ್ಲ. ಆ ಕಂಪ್ಯೂಟರ್ನೇ ಮಲಗಿಸಿ ಅದ್ರ ಮೇಲೆ ಹುಳ ಬಿಟ್ಕೊ" ಎಂದು ಕೋನಪ್ಪ ನಕ್ಕಿದ್ದು ಅವಳಿಗೂ ಕೇಳಿಸಿತು.

"ನಿನ್ನ ಲೆಕ್ಕದಲ್ಲಿ ಎಷ್ಟು ಉಳೀತಮ್ಮ?" ಅಪ್ಪ ಕೇಳಿದ.

"ಎರಡು."

"ಎರಡಾ? ಬಾ, ಎಣಿಸು ಬಾ."

ಎಣಿಸಲು ತಟ್ಟೆಯ ಮುಂದೆ ಕೂತಾಗ ಅವಳಿಗೆ ಹೊಳೆಯಿತು. ಭಾಗಿಸಿದ್ದು ಮೊಟ್ಟೆಯನ್ನು, ಉಳಿಯುವುದೂ ಮೊಟ್ಟೆಯೇ. ಎರಡು ಮೊಟ್ಟೆ, ಎಂಟುನೂರು ಹುಳು. ಕಂಪ್ಯೂಟರ್ ಸರಿಯಾಗಿಯೇ ಹೇಳಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಬೈಯುವುದಕ್ಕೂ ಯಾರೂ ಸಿಗಲಿಲ್ಲ.

ಅಮ್ಮ ಲಕ್ಷ್ಮೀನರಸಮ್ಮ ಒಣಕಡ್ಡಿ ಹರಡಿ ಉಳಿದ ಹುಳು ಬಿಟ್ಟಳು. ಆ ಗೂಡುಗಳು ಸೊಟ್ಟಪಟ್ಟಗಾಗಿ ಸರಿಯಾದ ಬೆಲೆ ಬಾರದೆಂದು ಮೂವರಿಗೂ ಗೊತ್ತಿತ್ತು.

"ನಾಳೆಯಿಂದ ತೋಟಕ್ಕೆ" ಎಂದಷ್ಟೇ ಹೇಳಿ ಅಪ್ಪ ಕೈ ತೊಳೆಯಲು ಹೋದ.

ಜ್ಯೋತಿಲಕ್ಷ್ಮಿ ನಾಳೆ ತೋಟಕ್ಕೆ ಹೋಗುತ್ತಾಳೆ. ಸಂಜೆ ಬಂದು, ಉಳಿಕೆ ಸೊನ್ನೆಯಲ್ಲದಿದ್ದರೆ ಒಂದು ಚಂದ್ರಿಕೆ ಕೂಡಿಸು ಎಂಬ ಸಾಲನ್ನು ಹೊಸ ಚೀಟಿಯಲ್ಲಿ ಬರೆದು, ಮುಂದಿನ ಬೆಳೆಗೆ ಮುಂಚೆ ಅಪ್ಪನ ಕೈಗೆ ಕೊಡುತ್ತಾಳೆ.